ದಾರಿಯಲ್ಲೇ ದುರಸ್ತಿ: ಘಟಪ್ರಭೆಯ ಸೀಮೆಯಲ್ಲಿ ಸೈಕಲ್ಲು ಕಲಿಸಿದ ವಿದ್ಯೆ

ಬೆಳಗಾವಿ ಜಿಲ್ಲೆಯ ತುಕ್ಕಾನಟ್ಟಿಯು ಬಹುಕಾಲ ಗೋಕಾಕ ತಾಲ್ಲೂಕಿಗೆ ಸೇರಿದ್ದು, ತಾಲ್ಲೂಕುಗಳ ಮರುವಿಂಗಡಣೆಯ ನಂತರ ಮೂಡಲಗಿಯ ಪಾಲಿಗೆ ಬಂದ ಗ್ರಾಮ. ಇಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಿಂದಾಗಿ ಆ ಹೆಸರು ಸುತ್ತಲಿನ ರೈತರಿಗೆಲ್ಲ ಪರಿಚಿತವಾಗಿದೆ. ಗೋಕಾಕದ ಸಂತೆ ಮತ್ತು ಕಚೇರಿಗಳು, ಜಲಪಾತದ ಬಳಿಯ ನೂಲಿನ ಗಿರಣಿ, ಘಟಪ್ರಭಾ ರೈಲು ನಿಲ್ದಾಣ, ಅರಭಾವಿಯ ಮಠ, ಮೂಡಲಗಿಯ ಪೇಟೆ, ಪಶ್ಚಿಮಕ್ಕೆ ಹುಕ್ಕೇರಿಯ ಹಳ್ಳಿಗಳು, ಇವೆಲ್ಲ ನಡಿಗೆಗೆ ದೂರವಾಗಿಯೂ ಸೈಕಲ್ಲಿಗೆ ಎಟಕುವಂತೆಯೂ ಈ ಊರಿನ ಸುತ್ತ ಹರಡಿಕೊಂಡಿವೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಾಲಿನ ಕ್ಯಾನು, ಜೋಳದ ಚೀಲ, ಅಂಚೆಯ ಥೈಲಿ, ಶಾಲೆಯ ಪುಸ್ತಕ, ಗಿರಣಿಯ ಪಾಳಿಗೆ ಹೊರಟ ಕಾರ್ಮಿಕನ ಬುತ್ತಿ, ಎಲ್ಲವೂ ಇಂಥ ಸೀಮೆಗಳಲ್ಲಿ ಸೈಕಲ್ಲಿನ ಮೇಲೆಯೇ ಊರಿಂದೂರಿಗೆ ಸಾಗಿದವು. ಹಾಗೆ ಸಾಗುವಾಗ ಎರಡು ಊರುಗಳ ನಡುವೆ, ಅಂಗಡಿಯೂ ಉಪಕರಣವೂ ಇಲ್ಲದ ಕಡೆ ಸೈಕಲ್ಲು ಕೆಟ್ಟರೆ ಅದನ್ನು ಕೈಗೆ ಸಿಕ್ಕಿದ್ದರಿಂದ ಸರಿಮಾಡಿಕೊಳ್ಳುವ ಜಾಣ್ಮೆಯೂ ಸವಾರಿಯ ಜೊತೆಗೇ ಬೆಳೆಯಿತು.

ಈ ಜಾಣ್ಮೆಯನ್ನು ಬಡತನದ ತೇಪೆಗಾರಿಕೆಯೆಂದು ಬದಿಗಿಡುವುದು ವಾಡಿಕೆ. ಆದರೆ ಅದರ ಒಂದೊಂದು ಉಪಾಯವನ್ನೂ ಬಿಡಿಸಿ ನೋಡಿದರೆ, ಅದಕ್ಕೆ ಒಂದು ಕ್ರಮವಿದ್ದುದು, ಯಂತ್ರದ ಒಳಗನ್ನು ಬಲ್ಲ ತಿಳಿವಳಿಕೆ ಇದ್ದುದು, ಎಲ್ಲಿಯವರೆಗೆ ಹೋಗಬಹುದು ಎಂಬ ಮಿತಿಯ ಅರಿವಿದ್ದುದು ಸ್ಪಷ್ಟವಾಗುತ್ತದೆ. ಸವಾರನನ್ನೂ ಅವನ ಹೇರನ್ನೂ ಮುಂದಿನ ಊರಿಗೆ ಮುಟ್ಟಿಸಬೇಕು, ಮುಟ್ಟಿಸುವಾಗ ಇದ್ದ ಕೇಡನ್ನು ಹೆಚ್ಚಿಸಬಾರದು ಎಂಬ ಎರಡು ನಿಯಮಗಳ ಮೇಲೆ ನಿಂತ ಈ ವಿದ್ಯೆಗೆ ಚಕ್ಕಡಿಯ ಕಾಲದ ಕಸುಬುಗಳು, ಸೈಕಲ್ಲಿನ ತೆರೆದ ರಚನೆ ಮತ್ತು ಬಿಡಿಭಾಗಗಳ ಅಭಾವ ಎಂಬ ಮೂರು ಮೂಲಗಳಿವೆ.

ಚಕ್ಕಡಿಯ ಪಾಠ

ಸೈಕಲ್ಲು ಬರುವ ಮೊದಲು ಈ ಬಯಲಿನ ಮುಖ್ಯ ವಾಹನ ಎತ್ತಿನ ಚಕ್ಕಡಿ. ಅದರ ಗಾಲಿಯನ್ನು ಬಡಿಗನು ಕಟ್ಟುತ್ತಿದ್ದನು. ಗಾಲಿಯ ಸುತ್ತಿನ ಕಬ್ಬಿಣದ ಪಟ್ಟಿಯನ್ನು ಕಮ್ಮಾರನು ಕೆಂಪಗೆ ಕಾಯಿಸಿ ಹಿಗ್ಗಿಸಿ, ಮರದ ಮೇಲೆ ಕೂರಿಸಿ ನೀರೆರೆದು ಕುಗ್ಗಿಸಿ ಬಿಗಿಯುತ್ತಿದ್ದನು. ನೊಗಕ್ಕೂ ಎತ್ತಿನ ಕೊರಳಿಗೂ ಬೇಕಾದ ಮಿಣಿಯನ್ನು, ಅಂದರೆ ತೊಗಲಿನ ಹಗ್ಗವನ್ನು, ತೊಗಲಿನ ಕಸುಬಿನವರು ಮಾಡಿಕೊಡುತ್ತಿದ್ದರು. ಇವರೆಲ್ಲ ಆಯಗಾರರು, ಎಂದರೆ ವರ್ಷವಿಡೀ ಊರಿನ ಕೆಲಸ ಮಾಡಿ ಸುಗ್ಗಿಯಲ್ಲಿ ಕಣದಿಂದಲೇ ಕಾಳಿನ ರೂಪದ ಪಾಲು ಪಡೆಯುವವರು. ಆದರೆ ದಾರಿಯ ನಡುವೆ ಆಯಗಾರನು ಜೊತೆಗಿರುತ್ತಿರಲಿಲ್ಲವಾದ್ದರಿಂದ ಚಕ್ಕಡಿ ಹೊಡೆಯುವವನಿಗೆ ಈ ಮೂರೂ ಕಸುಬುಗಳ ಚೂರು ಪರಿಚಯ ಇರಲೇಬೇಕಾಗಿತ್ತು.

ಗಾಲಿಯು ಅಚ್ಚಿನಿಂದ ಕಳಚದಂತೆ ತಡೆಯುವ ಕಡಾಣಿ ಬಿದ್ದುಹೋದರೆ ದಾರಿಬದಿಯ ಜಾಲಿಯ ಕೊಂಬೆಯನ್ನು ಕೆತ್ತಿ ಗೂಟ ಹೊಡೆಯುವುದು, ಬಿಸಿಲಿಗೆ ಒಣಗಿ ಸಡಿಲವಾದ ಮರದ ಗಾಲಿಯನ್ನು ಹಳ್ಳದ ನೀರಿನಲ್ಲಿ ನೆನೆಹಾಕಿ ಮರ ಉಬ್ಬಿ ಪಟ್ಟಿ ಬಿಗಿಯಾಗುವಂತೆ ಮಾಡುವುದು, ಅಚ್ಚು ಕಿರುಗುಟ್ಟಿದರೆ ಕೀಲೆಣ್ಣೆ ಸವರುವುದು, ಮುರಿದ ಮರಕ್ಕೆ ಬಿದಿರಿನ ದಬ್ಬೆ ಆನಿಸಿ ಹಸಿ ಹಗ್ಗದಿಂದ ಸುತ್ತುವುದು, ಇವು ಅಂದಿನ ದಾರಿದುರಸ್ತಿಯ ಪಾಠಗಳು. ತಿರುಗುವ ಭಾಗಕ್ಕೆ ಎಣ್ಣೆ ಬೇಕು, ಸಡಿಲವಾದದ್ದಕ್ಕೆ ಬೆಣೆ ಬೇಕು, ಮುರಿದದ್ದಕ್ಕೆ ಆಸರೆ ಬೇಕು ಎಂಬ ಮೂರು ತತ್ವಗಳನ್ನು ಅವು ಕೈಗೆ ರೂಢಿಮಾಡಿಸಿದ್ದವು. ಮುಂದೆ ಉಕ್ಕಿನ ಕೊಳವೆ ಮತ್ತು ರಬ್ಬರಿನಿಂದಾದ ಹೊಸ ಯಂತ್ರವು ಇದೇ ಸೀಮೆಗೆ ಬಂದಾಗ ಅದನ್ನು ಎದುರುಗೊಂಡ ಕೈಗಳು ಇವೇ ಆಗಿದ್ದುದರಿಂದ, ಹಳೆಯ ತತ್ವಗಳು ಹೊಸ ಯಂತ್ರಕ್ಕೆ ಹೆಚ್ಚು ಶ್ರಮವಿಲ್ಲದೆ ದಾಟಿದವು.

ಯಂತ್ರ ಬಂದ ದಾರಿ

ಇಂದು ಕಾಣುವ ಸೈಕಲ್ಲಿನ ಆಕಾರವು ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಹೊರತಂದ ‘ರೋವರ್’ ಮಾದರಿಯಿಂದ ನೆಲೆನಿಂತಿತು. ಎರಡೂ ಗಾಲಿಗಳು ಹೆಚ್ಚುಕಡಿಮೆ ಒಂದೇ ಅಳತೆಯವಾಗಿ, ಪೆಡಲಿನ ಬಲವು ಚೈನಿನ ಮೂಲಕ ಹಿಂದಿನ ಗಾಲಿಗೆ ಮುಟ್ಟುವ ಈ ವಿನ್ಯಾಸಕ್ಕೆ, 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ರೂಪಿಸಿದ ಗಾಳಿ ತುಂಬಿದ ಟಾಯರು ಸೇರಿತು. ಗಾಳಿಯ ಟಾಯರು ಸವಾರಿಯನ್ನು ಹಗುರಗೊಳಿಸಿತು, ಅದರ ಜೊತೆಗೇ ಪಂಚರ್ ಎಂಬ ಹೊಸ ತೊಂದರೆಯನ್ನೂ ತಂದಿತು. ಡನ್‌ಲಪ್ಪನ ಮೊದಲ ಟಾಯರುಗಳನ್ನು ರಿಮ್ಮಿಗೆ ಅಂಟಿಸಲಾಗುತ್ತಿದ್ದುದರಿಂದ ದಾರಿಯಲ್ಲಿ ಅವನ್ನು ಬಿಚ್ಚುವುದು ಕಷ್ಟವಿತ್ತು; 1891ರಲ್ಲಿ ಫ್ರಾನ್ಸಿನ ಮಿಶೆಲಿನ್ ಸಂಸ್ಥೆಯು ಬಿಚ್ಚಿ ಹಾಕಬಹುದಾದ ಟಾಯರನ್ನು ತಂದ ಮೇಲೆ ಸವಾರನೇ ತನ್ನ ಪಂಚರನ್ನು ಸರಿಮಾಡಿಕೊಳ್ಳುವುದು ಸಾಧ್ಯವಾಯಿತು.

ಇದೇ ದಶಕಗಳಲ್ಲಿ ಘಟಪ್ರಭಾ ನದಿಯ ಬಯಲೂ ಬದಲಾಗುತ್ತಿತ್ತು. 1880ರ ದಶಕದಲ್ಲಿ ಗೋಕಾಕ ಜಲಪಾತದ ಬಳಿ ನೀರಿನ ಬಲದಿಂದ ನಡೆಯುವ ನೂಲಿನ ಗಿರಣಿ ಎದ್ದಿತು. ಸದರ್ನ್ ಮರಾಠಾ ರೈಲ್ವೆಯ ಹಳಿಗಳು ಪುಣೆ ಮತ್ತು ಬೆಳಗಾವಿಗಳನ್ನು ಜೋಡಿಸುತ್ತ ಈ ಭಾಗವನ್ನು ಹಾದುಹೋದವು. 1897ರಲ್ಲಿ ಧೂಪದಾಳದ ಒಡ್ಡು ಮುಗಿದು ಗೋಕಾಕ ಕಾಲುವೆಗೆ ನೀರು ಹರಿಯಿತು. ಗಿರಣಿಯು ಪಾಳಿಯ ಕೆಲಸವನ್ನೂ ನಟ್ಟು, ಬೋಲ್ಟು, ಪಾನಾಗಳನ್ನು ಬಲ್ಲ ಫಿಟರುಗಳನ್ನೂ ತಂದಿತು. ಪಾನಾ ಎಂದರೆ ನಟ್ಟು ತಿರುಗಿಸುವ ಉಪಕರಣ. ರೈಲು ಮುಂಬಯಿಯ ಬಂದರಿಗೆ ಬಂದಿಳಿದ ವಿದೇಶಿ ಸಾಮಾನು ಒಳನಾಡಿಗೆ ತಲುಪುವಂತೆ ಮಾಡಿತು. ಕಾಲುವೆಯ ದಂಡೆಯು ಉದ್ದಕ್ಕೂ ಸಮನಾದ ದಾರಿಯನ್ನು ಕೊಟ್ಟಿತು. ಈ ಪ್ರದೇಶವು ಆಗ ಮುಂಬಯಿ ಪ್ರಾಂತ್ಯದಲ್ಲಿದ್ದು 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಹಾಗೆಯೇ ಉಳಿದುದರಿಂದ, ಸೈಕಲ್ಲಿನ ಕಸುಬಿನ ಮಾತುಗಳಲ್ಲಿ ಮರಾಠಿ ಮತ್ತು ಹಿಂದಿಯ ಛಾಯೆ ದಟ್ಟವಾಗಿದೆ: ಗಾಳಿ ಇಲ್ಲಿ ಹವಾ, ಗಂಟೆ ಇಲ್ಲಿ ತಾಸು.

ಆರಂಭದಲ್ಲಿ ಸೈಕಲ್ಲು ಅಧಿಕಾರಿಗಳು, ಮಿಶನರಿಗಳು ಮತ್ತು ಅನುಕೂಲಸ್ಥರ ವಸ್ತುವಾಗಿತ್ತು. ಅದನ್ನು ಕೊಳ್ಳಲಾಗದವರಿಗೆ ಅದು ದಕ್ಕಿದ್ದು ಬಾಡಿಗೆ ಅಂಗಡಿಯ ಮೂಲಕ. ಪೇಟೆಯ ಅಂಗಡಿಕಾರನು ತಾಸಿನ ಲೆಕ್ಕದಲ್ಲಿ ಸೈಕಲ್ಲು ಕೊಡುತ್ತಿದ್ದನು. ದಾರಿಯಲ್ಲಿ ಪಂಚರ್ ಆದರೆ ಅದರ ಖರ್ಚು ಬಾಡಿಗೆಗೆ ಪಡೆದವನದೇ ಎಂಬ ಕಟ್ಟಳೆ ಸಾಮಾನ್ಯವಾಗಿತ್ತು. ತಳ್ಳಿಕೊಂಡು ನಡೆದು ಬಂದರೆ ತಾಸುಗಳು ಏರುತ್ತ ಬಾಡಿಗೆಯೂ ಏರುತ್ತಿದ್ದುದರಿಂದ, ಕೆಟ್ಟ ಸೈಕಲ್ಲನ್ನು ಅಲ್ಲಿಯೇ ನಡೆಯುವಂತೆ ಮಾಡಿಕೊಳ್ಳುವುದಕ್ಕೆ ನೇರವಾದ ಆರ್ಥಿಕ ಕಾರಣವಿತ್ತು. ಕಾಳಿನ ಆಯಕ್ಕೆ ನಡೆಯುತ್ತಿದ್ದ ಹಳೆಯ ದುರಸ್ತಿಯು ತಾಸು ಮತ್ತು ರೊಕ್ಕದ ಲೆಕ್ಕಕ್ಕೆ ಹೊರಳಿದ್ದು ಹೀಗೆ.

ಮುಳ್ಳು ಮತ್ತು ಹವಾ

ಈ ಸೀಮೆಯ ಸವಾರನ ಮೊದಲ ಶತ್ರು ಮುಳ್ಳು. ಎರೆಹೊಲದ ಬದುಗಳಲ್ಲಿ ಬೆಳೆಯುವ ಕರಿಜಾಲಿ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತಕ್ಕೆ ಬಂದು ಬೀಳುನೆಲಗಳನ್ನೆಲ್ಲ ಆವರಿಸಿದ ಬಳ್ಳಾರಿ ಜಾಲಿ, ನೆಲದ ಮೇಲೆಯೇ ಹರಡುವ ನೆಗ್ಗಿಲು, ಇವು ಮೂರೂ ಟಾಯರನ್ನು ತೂರುವಂಥವು. ನೆಗ್ಗಿಲಿನ ಕಾಯಿ ಒಣಗಿ ಒಡೆದಾಗ ಅದರ ಹೋಳುಗಳು ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುತ್ತದೆ. ಆದುದರಿಂದ ಅನುಭವಿ ಸವಾರರು ಮುಳ್ಳು ಚುಚ್ಚಿದ್ದು ಕಂಡರೂ ಹವಾ ಇಳಿಯುವವರೆಗೆ ಅದನ್ನು ಕೀಳದೆ, ಅದೇ ಮುಳ್ಳು ತೂತನ್ನು ಸ್ವಲ್ಪ ಹೊತ್ತು ಮುಚ್ಚಿಕೊಂಡಿರಲಿ ಎಂದು ಬೇಗಬೇಗನೆ ಪೆಡಲು ತುಳಿಯುವರು. ಮುಳ್ಳು ಕಿತ್ತರೆ ಹವಾ ಒಮ್ಮೆಲೇ ಹೋಗುತ್ತದೆ ಎಂಬ ಸಣ್ಣ ಅರಿವಿನಲ್ಲಿ ಇಡೀ ದಾರಿದುರಸ್ತಿಯ ವಿವೇಕ ಅಡಗಿದೆ.

ಹವಾ ಪೂರ್ತಿ ಇಳಿದ ಮೇಲೆ ಮೊದಲ ಪ್ರಶ್ನೆ ತೂತು ಟ್ಯೂಬಿನಲ್ಲಿದೆಯೋ ವಾಲಿನಲ್ಲಿದೆಯೋ ಎಂಬುದು. ವಾಲು ಎಂದರೆ ಹವಾ ಒಳಗೆ ಹೋಗಲು ಬಿಟ್ಟು ಹೊರಗೆ ಬರದಂತೆ ತಡೆಯುವ ಲೋಹದ ಮೂತಿ. ಭಾರತದ ಸಾಮಾನ್ಯ ಸೈಕಲ್ಲುಗಳಲ್ಲಿ ಬಳಕೆಗೆ ಬಂದದ್ದು 1890ರ ದಶಕದ ವುಡ್ಸ್ ಮಾದರಿಯ ವಾಲು. ಅದರ ಒಳಗಿನ ಲೋಹದ ಕಡ್ಡಿಯ ಪಕ್ಕದಲ್ಲಿ ಒಂದು ತೂತಿದ್ದು, ಆ ತೂತಿನ ಮೇಲೆ ತೆಳುವಾದ ರಬ್ಬರಿನ ಕೊಳವೆ, ಅಂದರೆ ವಾಲ್ ಟ್ಯೂಬು, ಬಿಗಿಯಾಗಿ ಕೂತಿರುತ್ತದೆ. ಪಂಪಿನ ಒತ್ತಡಕ್ಕೆ ರಬ್ಬರು ಸಡಿಲಿಸಿ ಹವಾ ಒಳಗೆ ಬಿಡುತ್ತದೆ, ಒಳಗಿನ ಒತ್ತಡಕ್ಕೆ ಮತ್ತೆ ಅಂಟಿಕೊಂಡು ತೂತು ಮುಚ್ಚುತ್ತದೆ. ಉತ್ತರ ಕರ್ನಾಟಕದ ಬಿಸಿಲಿಗೆ ಈ ರಬ್ಬರು ಬೇಗ ಪೆಡಸಾಗುತ್ತದೆ. ವಾಲಿನ ಮೂತಿಗೆ ಉಗುಳು ಸವರಿ ಗುಳ್ಳೆ ಬರುವುದೋ ನೋಡುವುದು ಇದರ ಪರೀಕ್ಷೆ. ಗುಳ್ಳೆ ಬಂದರೆ ವಾಲ್ ಟ್ಯೂಬಿನ ಕೆಟ್ಟ ತುದಿಯನ್ನು ಕತ್ತರಿಸಿ ಉಳಿದದ್ದನ್ನು ಕೆಳಕ್ಕೆ ಜಾರಿಸಿ ತೂತಿನ ಮೇಲೆ ಕೂರಿಸುವುದು ಅದರ ಪರಿಹಾರ. ಒಂದಿಷ್ಟು ವಾಲ್ ಟ್ಯೂಬನ್ನು ಕಿಸೆಯಲ್ಲಿ ಇಟ್ಟುಕೊಂಡೇ ಹೊರಡುವ ರೂಢಿ ಇದರಿಂದಲೇ ಬಂದಿತು.

ತೂತು ಟ್ಯೂಬಿನಲ್ಲಿದ್ದರೆ ಅದನ್ನು ಹುಡುಕಲು ನೀರು ಬೇಕು. ಕಾಲುವೆ, ಹೊಂಡ, ಬಾವಿಯ ತೊಟ್ಟಿ ಯಾವುದಾದರೂ ಆದೀತು. ನೀರಿಲ್ಲದ ಕಡೆ ಟ್ಯೂಬನ್ನು ಕೆನ್ನೆಯ ಹತ್ತಿರ, ತುಟಿಯ ಹತ್ತಿರ ಸರಿಸುತ್ತ ಹೋದರೆ ಸೂಕ್ಷ್ಮವಾದ ಗಾಳಿಯೂ ಚರ್ಮಕ್ಕೆ ತಾಗುತ್ತದೆ. ಟ್ಯೂಬಿಗೆ ತೇಪೆ ಹಚ್ಚುವ ಸರಿಯಾದ ಕ್ರಮವೆಂದರೆ ತೂತಿನ ಸುತ್ತ ರಬ್ಬರನ್ನು ಉಜ್ಜಿ ಒರಟು ಮಾಡಿ, ‘ಸಲೂಶನ್’ ಎಂಬ ರಬ್ಬರಿನ ಅಂಟು ಸವರಿ, ಅದು ಆರುವವರೆಗೆ ಕಾದು, ಪ್ಯಾಚನ್ನು ಒತ್ತುವುದು. ಸಲೂಶನ್ ಇಲ್ಲದ ಕಡೆ ಬಳಕೆಗೆ ಬಂದ ಉಪಾಯ ಗಂಟು: ಟ್ಯೂಬನ್ನು ತೂತಿನ ಜಾಗದಲ್ಲಿ ಮಡಿಸಿ, ಆ ಮಡಿಕೆಯ ಬುಡಕ್ಕೆ ಗಟ್ಟಿಯಾದ ದಾರವನ್ನೋ ಹಳೆಯ ಟ್ಯೂಬಿನಿಂದ ಸೀಳಿದ ರಬ್ಬರಿನ ಪಟ್ಟಿಯನ್ನೋ ಬಿಗಿದು ಸುತ್ತಿದರೆ ತೂತಿನ ಭಾಗ ಉಳಿದ ಟ್ಯೂಬಿನಿಂದ ಬೇರ್ಪಡುತ್ತದೆ. ಟ್ಯೂಬು ಅಷ್ಟು ಗಿಡ್ಡವಾದರೂ ಹಿಗ್ಗಿ ರಿಮ್ಮಿನ ಸುತ್ತ ಕೂರುತ್ತದೆ. ಗಂಟು ನೆಲಕ್ಕೆ ಬಂದಾಗಲೆಲ್ಲ ಗಾಲಿ ಒಂದು ನೆಗೆತ ನೆಗೆಯುತ್ತದೆಯಾದರೂ ಊರು ಮುಟ್ಟುತ್ತದೆ. ಈ ಉಪಾಯದ ಹಿರಿಮೆ ಏನೆಂದರೆ, ಊರಿಗೆ ಹೋದ ಮೇಲೆ ಗಂಟು ಬಿಚ್ಚಿ ಅದೇ ತೂತಿಗೆ ಪ್ಯಾಚು ಹಚ್ಚಬಹುದು. ಟ್ಯೂಬಿಗೆ ಹೊಸ ಹಾನಿಯಾಗಿರುವುದಿಲ್ಲ.

ಟ್ಯೂಬು ಸೀಳಿಯೇ ಹೋಗಿದ್ದರೆ ಟಾಯರಿನೊಳಗೆ ಹುಲ್ಲು ತುರುಕುವುದು ಕೊನೆಯ ದಾರಿ. ಜಗತ್ತಿನ ಹಲವು ಕಡೆ ಸವಾರರು ತಮ್ಮ ತಮ್ಮ ನೆಲದ ಹುಲ್ಲಿನಿಂದ ಮಾಡಿರುವ ಈ ಕೆಲಸಕ್ಕೆ ಘಟಪ್ರಭೆಯ ಬಯಲಿನಲ್ಲಿ ಕಬ್ಬಿನ ರವದಿ, ಅಂದರೆ ಒಣಗಿದ ಎಲೆ, ಧಾರಾಳವಾಗಿ ದೊರಕುತ್ತದೆ. ತುರುಕುವುದರಲ್ಲಿಯೂ ಒಂದು ಕ್ರಮವಿದೆ. ಸಡಿಲವಾಗಿ ತುಂಬಿದ ಹುಲ್ಲು ಭಾರಕ್ಕೆ ಕುಗ್ಗಿ ಟಾಯರು ರಿಮ್ಮಿನಿಂದ ಜಾರುತ್ತದೆಯಾದ್ದರಿಂದ, ಅದನ್ನು ಹೊಸೆದು ಹಗ್ಗದಂತೆ ಮಾಡಿ, ಸ್ವಲ್ಪ ತೇವಗೊಳಿಸಿ, ಟಾಯರು ಕೈಗೆ ಗಟ್ಟಿಯಾಗುವವರೆಗೆ ಒತ್ತಬೇಕು; ಹೇರನ್ನು ಇಳಿಸಿ, ನಿಧಾನವಾಗಿ, ತಿರುವಿನಲ್ಲಿ ಇಳಿದು ನಡೆಸಬೇಕು.

ಚೈನು, ಕಾಟರು, ಕಡ್ಡಿ

ಮುಳ್ಳಿನ ನಂತರದ ಸ್ಥಾನ ಚೈನಿನದು. ಅರ್ಧ ಅಂಗುಲದ ಕೊಂಡಿಗಳಿಂದಾದ ಈ ಸರಪಳಿಯಲ್ಲಿ ಒಳಕೊಂಡಿ ಮತ್ತು ಹೊರಕೊಂಡಿಗಳು ಒಂದು ಬಿಟ್ಟು ಒಂದರಂತೆ ಬರುತ್ತವೆ. ಒಂದು ಕೊಂಡಿ ಮುರಿದರೆ ಅದರ ಜೊತೆಯ ಇನ್ನೊಂದನ್ನೂ ತೆಗೆದು, ಒಂದು ಅಂಗುಲದಷ್ಟು ಗಿಡ್ಡವಾದ ಚೈನನ್ನು ಮತ್ತೆ ಜೋಡಿಸಬೇಕು. ಹಿಂದಿನ ಗಾಲಿಯ ಅಚ್ಚು ಕೂರುವ ಸೀಳು ಉದ್ದವಾಗಿರುವುದರಿಂದ ಗಾಲಿಯನ್ನು ಮುಂದಕ್ಕೆ ಸರಿಸಿ ಆ ಕೊರತೆಯನ್ನು ತುಂಬಬಹುದು. ಕೊಂಡಿಯ ಪಿನ್ನನ್ನು ಹೊರದೂಡಲು ಅಂಗಡಿಯಲ್ಲಿ ಉಪಕರಣವಿದೆ; ದಾರಿಯಲ್ಲಿ ಒಂದು ಮೊಳೆ, ಎರಡು ಕಲ್ಲು ಅದೇ ಕೆಲಸ ಮಾಡುತ್ತವೆ. ಇಲ್ಲಿ ನಾಜೂಕು ಇರುವುದು ಪಿನ್ನನ್ನು ಪೂರ್ತಿ ಬೀಳಿಸದೆ ಹೊರತಟ್ಟೆಯಲ್ಲಿ ಕಚ್ಚಿಕೊಂಡಿರುವಂತೆ ನಿಲ್ಲಿಸುವುದರಲ್ಲಿ, ಏಕೆಂದರೆ ಪೂರ್ತಿ ಬಿದ್ದ ಪಿನ್ನನ್ನು ಕಲ್ಲಿನಿಂದ ಮತ್ತೆ ಕೂರಿಸುವುದು ಬಹುಮಟ್ಟಿಗೆ ಅಸಾಧ್ಯ.

ಪೆಡಲಿನ ಕೋಲನ್ನು ನಡುವಿನ ಅಚ್ಚಿಗೆ ಬಿಗಿಯುವ ಓರೆಮುಖದ ಉಕ್ಕಿನ ಬೆಣೆಗೆ ಕಾಟರ್ ಪಿನ್ ಎಂದು ಹೆಸರು. ಅದು ಸವೆದಾಗ ಪ್ರತಿ ಸುತ್ತಿಗೂ ಕಾಲಿನ ಕೆಳಗೆ ‘ಕಟ್’ ಎಂಬ ಸದ್ದು ಬರುತ್ತದೆ. ಚಕ್ಕಡಿಯ ಕಡಾಣಿಯನ್ನು ಬಲ್ಲವರಿಗೆ ಇದರ ಪರಿಹಾರ ಹೊಸದಾಗಿರಲಿಲ್ಲ: ತಗಡಿನ ಚೂರೊಂದನ್ನು ಕಾಟರಿನ ಪಕ್ಕಕ್ಕೆ ಸೇರಿಸಿ ಕಲ್ಲಿನಿಂದ ಹೊಡೆದು ಬಿಗಿಮಾಡುವುದು. ಆದರೆ ಹೊಡೆಯುವ ಮೊದಲು ಪೆಡಲಿನ ಕೋಲಿನ ಕೆಳಗೆ ಇನ್ನೊಂದು ಕಲ್ಲನ್ನು ಆಸರೆಯಾಗಿ ಇಡದಿದ್ದರೆ ಪೆಟ್ಟು ಒಳಗಿನ ಗುಂಡುಗಳಿಗೆ, ಅಂದರೆ ಅಚ್ಚು ಸಲೀಸಾಗಿ ತಿರುಗಲೆಂದು ಇಟ್ಟ ಉಕ್ಕಿನ ಸಣ್ಣ ಗೋಲಿಗಳಿಗೆ, ಮುಟ್ಟಿ ಅವು ಕೂತ ಬಟ್ಟಲನ್ನೇ ಕೆಡಿಸುತ್ತದೆ. ಎಡಗಡೆಯ ಪೆಡಲಿನ ಮರೆಯು, ಅಂದರೆ ತಿರುಪಿನ ಸುತ್ತು, ಬಲಗಡೆಯದಕ್ಕೆ ವಿರುದ್ಧವಾಗಿ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುವಂತೆ ಇರುತ್ತದೆ. ತುಳಿಯುವಾಗ ಪೆಡಲು ತಾನಾಗಿ ಬಿಚ್ಚಿಕೊಳ್ಳಬಾರದೆಂದು ಹಾಗೆ ಮಾಡಲಾಗಿದೆ. ಇದನ್ನರಿಯದೆ ಬಲವಂತವಾಗಿ ತಿರುಗಿಸಿದ ಕೈ ಪೆಡಲಿನ ಕೋಲನ್ನೇ ಹಾಳುಮಾಡುತ್ತದೆ. ಧೈರ್ಯಕ್ಕಿಂತ ತಿಳಿವಳಿಕೆಯೇ ಈ ವಿದ್ಯೆಯ ತಿರುಳಾಗಿತ್ತು ಎಂಬುದಕ್ಕೆ ಇಂಥ ವಿವರಗಳು ಸಾಕ್ಷಿ.

ಹಳೆಯ ದೊಡ್ಡ ಸೈಕಲ್ಲಿನ ಮುಂದಿನ ಗಾಲಿಗೆ 32, ಹಿಂದಿನ ಗಾಲಿಗೆ 40 ಕಡ್ಡಿಗಳು. ಹೇರು ಹಿಂದಿನ ಕ್ಯಾರಿಯರಿನ ಮೇಲೆ ಬೀಳುವುದೇ ಈ ವ್ಯತ್ಯಾಸಕ್ಕೆ ಕಾರಣ. ಒಂದು ಕಡ್ಡಿ ಮುರಿದರೆ ಅದರ ತುದಿಯನ್ನು ಪಕ್ಕದ ಕಡ್ಡಿಗೆ ಸುತ್ತಿ, ಅದು ಸರಳಿಗೆ ಸಿಕ್ಕಿ ಇನ್ನಷ್ಟು ಕಡ್ಡಿಗಳನ್ನು ಮುರಿಯದಂತೆ ನೋಡಿಕೊಳ್ಳುವುದೇ ದಾರಿಯ ದುರಸ್ತಿ. ರಿಮ್ಮು ಡೊಂಕಾಗಿ ಬ್ರೇಕಿನ ರಬ್ಬರಿಗೆ ಉಜ್ಜತೊಡಗಿದರೆ ಗಾಲಿಯನ್ನು ಬಿಚ್ಚಿ, ಉಬ್ಬಿದ ಭಾಗವನ್ನು ಮರದ ಬುಡಕ್ಕೆ ಆನಿಸಿ ಒತ್ತುವರು; ಅಂಗಡಿಯವರು ಕಡ್ಡಿಗಳನ್ನು ಒಂದೊಂದಾಗಿ ಬಿಗಿಮಾಡಿ ‘ಔಟ್ ತೆಗೆಯುವ’ ಕೆಲಸಕ್ಕೆ ಇದು ಸಮನಲ್ಲ, ಆದರೆ ಗಾಲಿ ತಿರುಗುವಷ್ಟಾಗುತ್ತದೆ. ಬ್ರೇಕಿನ ರಬ್ಬರು ಸವೆದು ಬಿದ್ದರೆ ಹಳೆಯ ಟಾಯರಿನ ತುಂಡು, ಗುಂಡುಗಳು ಒಣಗಿ ಕಿರುಗುಟ್ಟಿದರೆ ಮನೆಯಿಂದ ಬೇಡಿ ತಂದ ಹರಳೆಣ್ಣೆ ಬಳಕೆಯಾಗುತ್ತಿದ್ದವು. ಎಣ್ಣೆಗೆ ಧೂಳು ಅಂಟುವುದರಿಂದ ಊರು ಮುಟ್ಟಿದ ಮೇಲೆ ಅದನ್ನು ಸೀಮೆಎಣ್ಣೆಯಿಂದ ತೊಳೆಯಬೇಕೆಂಬುದೂ ಆ ಉಪಾಯದ ಭಾಗವೇ ಆಗಿತ್ತು.

ಕುಲುಮೆಯ ಬಾಗಿಲು

ಸೈಕಲ್ಲಿನ ಎಲುಬೇ ಮುರಿದಾಗ, ಅಂದರೆ ಮುಂದಿನ ಗಾಲಿಯನ್ನು ಹಿಡಿದಿರುವ ಕವೆಗಂಬಿಯೋ ಚೌಕಟ್ಟಿನ ಕೊಳವೆಯೋ ಸೀಳಿದಾಗ, ಸವಾರನ ಕೈಯ ಎಲ್ಲೆ ಮುಗಿದು ಕಮ್ಮಾರನ ಬಾಗಿಲು ಬರುತ್ತದೆ. ಇದು ಈ ಸೀಮೆಗಷ್ಟೇ ಸೀಮಿತವಾದ ಅನುಭವವಲ್ಲ. 1913ರ ಟೂರ್ ದ ಫ್ರಾನ್ಸ್ ಸ್ಪರ್ಧೆಯಲ್ಲಿ ಯೂಜಿನ್ ಕ್ರಿಸ್ಟೋಫ್ ಎಂಬ ಸವಾರನ ಸೈಕಲ್ಲಿನ ಕವೆಗಂಬಿ ಪಿರೆನೀಸ್ ಪರ್ವತದ ತೂರ್ಮಲೆ ಘಾಟಿನಲ್ಲಿ ಮುರಿಯಿತು. ಸ್ಪರ್ಧಿಯು ಯಾರ ನೆರವನ್ನೂ ಪಡೆಯಬಾರದೆಂಬ ನಿಯಮವಿದ್ದುದರಿಂದ ಅವನು ಸೈಕಲ್ಲನ್ನು ಹೊತ್ತು ಮೈಲುಗಟ್ಟಲೆ ನಡೆದು ಸೇಂಟ್ ಮರಿ ದ ಕಂಪಾ ಎಂಬ ಹಳ್ಳಿಯ ಕುಲುಮೆಗೆ ಬಂದು, ತನ್ನ ಕೈಯಿಂದಲೇ ಅದನ್ನು ಬೆಸೆದುಕೊಂಡನು. ಆದರೂ ಒಬ್ಬ ಹುಡುಗನಿಂದ ತಿದಿ ಒತ್ತಿಸಿಕೊಂಡುದಕ್ಕಾಗಿ ಅವನಿಗೆ ದಂಡದ ಸಮಯ ಬಿದ್ದಿತು.

ಸ್ಪರ್ಧೆಯ ಈ ನಿಯಮಕ್ಕೂ ಬಯಲುಸೀಮೆಯ ರೂಢಿಗೂ ಇರುವ ಅಂತರ ಗಮನಾರ್ಹವಾದುದು. ಅಲ್ಲಿ ಒಂಟಿತನವೇ ಶೌರ್ಯದ ಅಳತೆಯಾಗಿದ್ದರೆ, ಇಲ್ಲಿಯ ದಾರಿದುರಸ್ತಿಯು ಮೊದಲಿನಿಂದಲೂ ಹಲವರ ಕೈ ಸೇರಿ ಆದ ಕೆಲಸ: ಹೊಲದವನು ಕೊಟ್ಟ ಹಗ್ಗ, ಗಾಣದ ಮನೆಯಿಂದ ಬಂದ ತಗಡು, ಎದುರಿಗೆ ಬಂದ ಇನ್ನೊಬ್ಬ ಸವಾರನ ಪಂಪು. ಸೈಕಲ್ಲಿನ ಚೌಕಟ್ಟಿನ ಕೊಳವೆಗಳು ಹಿತ್ತಾಳೆಯ ಬೆಸುಗೆಯಿಂದ ಕೂಡಿದವುಗಳಾದ್ದರಿಂದ, ಬಿಳಿಗಾರವೆಂಬ ಲವಣವನ್ನು ಹಾಕಿ ಇದ್ದಿಲಿನ ಬೆಂಕಿಯಲ್ಲಿ ಹಿತ್ತಾಳೆ ಕರಗಿಸಬಲ್ಲ ಕಮ್ಮಾರನಿಗೆ ಆ ಕೆಲಸ ಅಪರಿಚಿತವಾಗಿರಲಿಲ್ಲ. ಮುಂದೆ 1969ರಲ್ಲಿ ದೇಶದ ಮೊದಲ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲೊಂದು ಹುಕ್ಕೇರಿಯಲ್ಲಿ ಸ್ಥಾಪನೆಯಾಯಿತು. ಹಳ್ಳಿಗಳಿಗೆ ವಿದ್ಯುತ್ತು ಹರಡಿದಂತೆ ವೆಲ್ಡಿಂಗ್ ಅಂಗಡಿಗಳು ಬಂದು, ಕುಲುಮೆಯಲ್ಲಿ ಆಗುತ್ತಿದ್ದ ಈ ಕೆಲಸ ಕ್ರಮೇಣ ಅಲ್ಲಿಗೆ ಸರಿಯಿತು.

ಅಭಾವದ ವರ್ಷಗಳು

ಈ ವಿದ್ಯೆಯನ್ನು ಹದಗೊಳಿಸಿದ್ದು ಯುದ್ಧಕಾಲದ ಅಭಾವ. 1941ರ ಡಿಸೆಂಬರಿನಲ್ಲಿ ಮಲಯಾಕ್ಕೆ ನುಗ್ಗಿದ ಜಪಾನಿ ಸೇನೆಯು ಸಾವಿರಾರು ಸೈಕಲ್ಲುಗಳ ಮೇಲೆ ಸಾಗಿತು. ಬಿಸಿಲಿಗೆ ಟ್ಯೂಬುಗಳು ಒಡೆದಾಗ ಸೈನಿಕರು ಟಾಯರು ಕಿತ್ತು ಬರಿಯ ರಿಮ್ಮಿನ ಮೇಲೆಯೇ ಓಡಿಸಿದರು, ರಾತ್ರಿಯಲ್ಲಿ ಆ ಲೋಹದ ಸದ್ದನ್ನು ಎದುರಾಳಿಗಳು ಟ್ಯಾಂಕುಗಳದ್ದೆಂದು ತಿಳಿದುದೂ ಉಂಟು. ಆ ಸೇನೆಗೆ ಮಲಯಾದಲ್ಲಿ ನುಣುಪಾದ ಡಾಂಬರು ರಸ್ತೆ ಇತ್ತು. ಗರಸು ಹಾಸಿದ ದಾರಿಯಲ್ಲಿ ಜೋಳದ ಚೀಲ ಹೊತ್ತ ಸೈಕಲ್ಲು ಬರಿ ರಿಮ್ಮಿನ ಮೇಲೆ ಹೋದರೆ ರಿಮ್ಮೇ ಉಳಿಯುತ್ತಿರಲಿಲ್ಲವಾದ್ದರಿಂದ ಇಲ್ಲಿ ಟಾಯರನ್ನು ಉಳಿಸಿಕೊಳ್ಳುವುದೇ ಮುಖ್ಯವಾಯಿತು. ಅದೇ ದಂಡಯಾತ್ರೆಯ ಫಲವಾಗಿ 1942ರ ಹೊತ್ತಿಗೆ ಮಲಯಾ ಮತ್ತು ಡಚ್ಚರ ಪೂರ್ವ ದ್ವೀಪಗಳೆರಡೂ ಜಪಾನಿನ ವಶವಾಗಿ, ಜಗತ್ತಿನ ಸಹಜ ರಬ್ಬರಿನ ಬಹುಪಾಲು ಮೂಲ ಕೈತಪ್ಪಿತು. ಹೊಸ ಟಾಯರು ದುರ್ಲಭವಾದಾಗ ಹಳೆಯದಕ್ಕೆ ಹೊಲಿಗೆ ಹಾಕುವುದು ಅನಿವಾರ್ಯವಾಯಿತು.

ಸೀಳಿದ ಟಾಯರಿನ ಒಳಬದಿಗೆ ಹಳೆಯ ಟಾಯರಿನ ತುಂಡನ್ನು ಒತ್ತುಪಟ್ಟಿಯಾಗಿ ಇಡುವುದು, ಪಟ್ಟಿ ಕದಲದಂತೆ ಚಪ್ಪಲಿ ಹೊಲಿಯುವ ದಾರದಿಂದ ಹೊಲಿಯುವುದು, ಪ್ಯಾಚಿಗೆ ಹಳೆಯ ಟ್ಯೂಬನ್ನೇ ಕತ್ತರಿಸುವುದು, ಇವು ಈ ಕಸುಬಿನ ನಿತ್ಯದ ಕೆಲಸಗಳು. ತೊಗಲು ಹೊಲಿಯಬಲ್ಲ ಸಮಗಾರರ ಕೈಚಳಕವು ರಬ್ಬರಿಗೂ ಒದಗಿದ್ದು ಇಲ್ಲಿ. ಒಡೆದ ಟಾಯರಿನ ಸೀಳಿಗೆ ದಾರಿಯಲ್ಲಿ ಹಳೆಯ ಚಪ್ಪಲಿಯ ತುಂಡನ್ನೋ ಮಡಿಸಿದ ಗಟ್ಟಿ ಬಟ್ಟೆಯನ್ನೋ ಒಳಗಿಟ್ಟು ಮೇಲೆ ಹಗ್ಗ ಸುತ್ತಿಕೊಂಡು ಹೋಗುವುದು ಅದರ ತಾತ್ಕಾಲಿಕ ರೂಪ. ಹಗ್ಗ ಸುತ್ತಿದ ಗಾಲಿಗೆ ಬ್ರೇಕಿನ ಕವೆಯೊಳಗೆ ತೂರಲು ಎಡೆಯಿರುವುದಿಲ್ಲವಾದ್ದರಿಂದ ಬ್ರೇಕನ್ನು ಬಿಚ್ಚಲೇಬೇಕು. ಹಾಗಾಗಿ ಇಳಿಜಾರಿನಲ್ಲಿ ಇಳಿದು ನಡೆಯುವುದು ಕಡ್ಡಾಯ.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಚಿತ್ರ ಬದಲಾಯಿತು. ಮುಂಬಯಿಯ ಹಿಂದ್ ಸೈಕಲ್ಸ್ 1939ರಲ್ಲಿಯೇ ಆರಂಭವಾಗಿತ್ತು. 1949ರಲ್ಲಿ ಮದ್ರಾಸಿನ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್ತಿನ ಅಟ್ಲಾಸ್, 1956ರಲ್ಲಿ ಲುಧಿಯಾನದ ಹೀರೋ ಬಂದವು. ಇವೆಲ್ಲ ಇಂಗ್ಲಿಷ್ ಮಾದರಿಯ ಒಂದೇ ದೊಡ್ಡ ಸೈಕಲ್ಲನ್ನು, 28 ಅಂಗುಲದ ಗಾಲಿ ಮತ್ತು ಸರಳಿನ ಬ್ರೇಕಿನೊಂದಿಗೆ, ದಶಕಗಟ್ಟಲೆ ಹೆಚ್ಚು ಬದಲಾವಣೆಯಿಲ್ಲದೆ ತಯಾರಿಸಿದವು. ಹೊಸತನವಿಲ್ಲದ ಈ ಉದ್ಯಮವನ್ನು ಟೀಕಿಸುವುದು ಸುಲಭ. ಆದರೆ ದುರಸ್ತಿಯ ಚರಿತ್ರೆಯ ದೃಷ್ಟಿಯಿಂದ ಈ ಏಕರೂಪತೆ ಒಂದು ವರವಾಗಿತ್ತು. ಗೋಕಾಕದಲ್ಲಿ ಕೊಂಡ ಕಾಟರು ಹುಕ್ಕೇರಿಯ ಸೈಕಲ್ಲಿಗೂ ಕೂರುತ್ತಿತ್ತು. ಒಬ್ಬನು ತನ್ನ ಸೈಕಲ್ಲಿನಲ್ಲಿ ಕಲಿತದ್ದು ಎಲ್ಲರ ಸೈಕಲ್ಲಿಗೂ ಅನ್ವಯಿಸುತ್ತಿತ್ತು. ತಂದೆಯ ಉಪಾಯ ಮಗನಿಗೂ ಹಳತಾಗದೆ ಒದಗುತ್ತಿತ್ತು.

ಅಂಗಡಿ ಎಂಬ ಶಾಲೆ

ಹಳ್ಳಿಯ ಬಸ್ ನಿಲ್ದಾಣದ ಬಳಿಯ, ಬೇವಿನ ನೆರಳಿನ ಸೈಕಲ್ ಅಂಗಡಿಯು ಈ ವಿದ್ಯೆಯ ಪಾಠಶಾಲೆಯಾಗಿತ್ತು. ಮರದ ಪೆಟ್ಟಿಗೆ, ನೀರಿನ ಬೋಗುಣಿ, ಕಾಲಿನಿಂದ ಒತ್ತಿ ಹಿಡಿಯುವ ದೊಡ್ಡ ಪಂಪು, ತೂಗುಹಾಕಿದ ಹಳೆಯ ಟಾಯರುಗಳು ಇವಿಷ್ಟೇ ಅದರ ಬಂಡವಾಳ. ಕೆಲಸವೆಲ್ಲ ಗಿರಾಕಿಯ ಕಣ್ಣೆದುರಿಗೇ ನಡೆಯುತ್ತಿತ್ತು. ತೂತು ಹುಡುಕುವಾಗ ಟ್ಯೂಬು ಹಿಡಿಯಲು, ನಟ್ಟು ಎತ್ತಿಕೊಡಲು ಗಿರಾಕಿಯ ಕೈಯೂ ಬಳಕೆಯಾಗುತ್ತಿತ್ತು. ನೋಡುವುದರಿಂದಲೇ ಕಲಿಯುವುದು ಹೀಗೆ ನಡೆದು, ಕಾಸು ಕೊಟ್ಟು ಮಾಡಿಸಿದ ಪ್ರತಿಯೊಂದು ದುರಸ್ತಿಯೂ ಮುಂದಿನ ಸಲ ದಾರಿಯಲ್ಲಿ ಬೇಕಾಗಬಹುದಾದ ಪಾಠವಾಗುತ್ತಿತ್ತು. ಪಾನಾವನ್ನು ಬಳಸಿ ಮರಳಿ ಕೊಡುವ, ಪಂಪನ್ನು ಪುಕ್ಕಟೆಯಾಗಿ ಕೊಡುವ ರೂಢಿಯೂ ಅನೇಕ ಅಂಗಡಿಗಳಲ್ಲಿ ಇತ್ತು.

ಅಂಗಡಿಕಾರನು ದಾರಿದುರಸ್ತಿಯ ಪರೀಕ್ಷಕನೂ ಆಗಿದ್ದನು. ಗಂಟು ಹಾಕಿದ ಟ್ಯೂಬನ್ನು ಬಿಚ್ಚುವಾಗ ಅದು ಎಷ್ಟು ಚೆನ್ನಾಗಿ ಕಟ್ಟಲ್ಪಟ್ಟಿದೆ, ಕಲ್ಲಿನಿಂದ ಹೊಡೆದ ಕಾಟರಿನ ಮರೆ ಉಳಿದಿದೆಯೇ, ತುರುಕಿದ ರವದಿಯಿಂದ ಟಾಯರಿನ ಅಂಚು ಕೆಟ್ಟಿದೆಯೇ ಎಂಬುದು ಅವನ ಕಣ್ಣಿಗೆ ಬೀಳುತ್ತಿತ್ತು. ಸವಾರನು ದಾರಿಯಲ್ಲಿ ಮಾಡಿದ್ದನ್ನು ಅಂಗಡಿಕಾರನು ಬಿಚ್ಚಿ ಸರಿಮಾಡುವಂತಿರಬೇಕು ಎಂಬುದೇ ಒಳ್ಳೆಯ ತಾತ್ಕಾಲಿಕ ದುರಸ್ತಿಯ ಲಕ್ಷಣ.

ಇಳಿಮುಖ ಮತ್ತು ಉಳಿವು

1990ರ ದಶಕದ ನಂತರ ಮೋಟಾರ್ ಸೈಕಲ್ಲು ಹಳ್ಳಿಯ ಹೇರನ್ನೂ ಸವಾರನನ್ನೂ ತನ್ನೆಡೆಗೆ ಸೆಳೆದುಕೊಂಡಿತು. ಆದರೂ 2011ರ ಜನಗಣತಿಯ ಪ್ರಕಾರ ದೇಶದ ಮನೆಗಳಲ್ಲಿ ಸುಮಾರು ನೂರಕ್ಕೆ 45ರಲ್ಲಿ ಸೈಕಲ್ಲು ಇತ್ತು. ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ವಿದ್ಯಾರ್ಥಿನಿಯರಿಗೆ ಉಚಿತ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿ ಮುಂದೆ ಹುಡುಗರಿಗೂ ವಿಸ್ತರಿಸಿದಾಗ, ಹಿಂದೆ ಸೈಕಲ್ಲು ಏರದಿದ್ದ ಒಂದು ದೊಡ್ಡ ವರ್ಗ, ಅಂದರೆ ಹಳ್ಳಿಯ ಹೆಣ್ಣುಮಕ್ಕಳು, ಇದೇ ದಾರಿಗಳಿಗೆ ಬಂದರು. ಆ ಯೋಜನೆ ಯಂತ್ರವನ್ನು ಕೊಟ್ಟಿತು. ಅದನ್ನು ದಾರಿಯಲ್ಲಿ ನಡೆಸಿಕೊಳ್ಳುವ ವಿದ್ಯೆ ಮಾತ್ರ ಅದರೊಂದಿಗೆ ಬರಲಿಲ್ಲ. ಗಂಡಸರ ಅಂಗಡಿಯ ಮುಂದೆ ನಿಂತು ನೋಡಿ ಕಲಿಯುವ ಅವಕಾಶ ಹುಡುಗಿಯರಿಗೆ ಹಿಂದೆಯೂ ಕಡಿಮೆಯಿತ್ತು, ಅಂಗಡಿಗಳೇ ಮುಚ್ಚುತ್ತ ಬಂದಾಗ ಅದು ಇನ್ನೂ ಕಡಿಮೆಯಾಯಿತು.

ಹೊಸ ಸೈಕಲ್ಲುಗಳ ರಚನೆಯೂ ಬದಲಾಗಿದೆ. ಗೇರು, ಕೇಬಲ್ಲು, ಕಾಟರಿಲ್ಲದ ಪೆಡಲಿನ ಕೋಲು, ಮುಚ್ಚಿದ ಬೇರಿಂಗು ಇವು ಸವಾರಿಯನ್ನು ಸುಗಮಗೊಳಿಸಿವೆ, ಆದರೆ ಕಲ್ಲು ಮತ್ತು ಮೊಳೆಗಳಿಗೆ ಅವು ಮಣಿಯುವುದಿಲ್ಲ. ಹೀಗಿದ್ದರೂ ಹಳೆಯ ವಿದ್ಯೆಯ ತಿರುಳು ನಿರುಪಯೋಗಿಯಾಗಿಲ್ಲ. ತೂತನ್ನು ನೀರಿನಲ್ಲಿ ಹುಡುಕುವುದು, ಟ್ಯೂಬನ್ನು ಗಂಟಿಕ್ಕುವುದು, ಮುರಿದ ಚೈನನ್ನು ಒಂದು ಜೊತೆ ಕೊಂಡಿ ತೆಗೆದು ಗಿಡ್ಡಮಾಡುವುದು, ಸೀಳಿದ ಟಾಯರಿಗೆ ಒಳಪಟ್ಟಿ ಕೊಡುವುದು ಇಂದಿನ ಸೈಕಲ್ಲಿಗೂ ಅನ್ವಯಿಸುತ್ತವೆ. ದೂರದ ಸವಾರಿಗೆ ಹೋಗುವ ನಗರದ ಹವ್ಯಾಸಿಗಳು ಇಂದು ಕಲಿಯುವ ಉಪಾಯಗಳಲ್ಲಿ ಹಲವು ಇವೇ.

ಆದುದರಿಂದ ಈ ಚರಿತ್ರೆಯು ಮುಗಿದುಹೋದ ಕಾಲದ ಹಂಬಲವಾಗಿ ನಿಲ್ಲಬೇಕಾಗಿಲ್ಲ. ಪುದುಚೇರಿಯಲ್ಲಿ 1974ರಲ್ಲಿ ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ ತೆರೆದಾಗ ಅದರ ಹಿಂದಿದ್ದ ವಿಚಾರವು ಕೈಯಿಂದ ಮಾಡುತ್ತ ಕಲಿಯುವುದು, ಗ್ರಾಮೀಣ ಯುವಜನರಿಗೆ ಅವರ ನೆಲದಲ್ಲಿಯೇ ಕಸುಬಿನ ತರಬೇತಿ ಕೊಡುವುದು ಎಂಬುದಾಗಿತ್ತು. ಅಂಥದೊಂದು ಕೇಂದ್ರ ತುಕ್ಕಾನಟ್ಟಿಯಲ್ಲಿಯೇ ಇರುವಾಗ, ಸುತ್ತಲಿನ ಪ್ರೌಢಶಾಲೆಗಳ ಮಕ್ಕಳಿಗೆ ಒಂದು ದಿನದ ದಾರಿದುರಸ್ತಿಯ ಪಾಠವನ್ನು ಏರ್ಪಡಿಸುವುದು, ಉಳಿದಿರುವ ಹಿರಿಯ ಸೈಕಲ್ ಅಂಗಡಿಕಾರರನ್ನೇ ಅದಕ್ಕೆ ಗುರುಗಳಾಗಿ ಕರೆಯುವುದು, ಅವರು ಬಳಸುವ ಮಾತು ಮತ್ತು ಉಪಾಯಗಳನ್ನು ಬರೆದಿಡುವುದು ದೊಡ್ಡ ಖರ್ಚಿನ ಕೆಲಸಗಳಲ್ಲ. ಬಡಿಗ, ಕಮ್ಮಾರ, ಸಮಗಾರ, ಫಿಟರ್, ರೈತ ಇವರೆಲ್ಲರ ಕೈ ಸೇರಿ ನೂರು ವರ್ಷಗಳಲ್ಲಿ ಕಟ್ಟಿದ ಈ ತಿಳಿವಳಿಕೆ ಯಾವ ಪಠ್ಯಪುಸ್ತಕದಲ್ಲಿಯೂ ಸೇರದೆ ಬಂದಿದೆ. ಅದನ್ನು ಬಲ್ಲವರು ಇರುವಾಗಲೇ ಕಲಿಸುವ ಏರ್ಪಾಡು ಆಗಬೇಕು, ಮತ್ತು ಅದರ ಮೊದಲ ಹಕ್ಕು ಇಂದು ಆ ದಾರಿಗಳಲ್ಲಿ ಶಾಲೆಗೆ ಸೈಕಲ್ಲು ತುಳಿಯುವ ಹುಡುಗಿಯರದು.